ಅಜ್ಜಿಯರ ರಕ್ತಸಾಕ್ಷ್ಯ

ಅರ್ಜೆಂಟೀನಾ ದೇಶದ ರಾಜಧಾನಿಯಾದ ಬ್ಯೂನಸ್ ಐರಿಸ್ ನಗರದಲ್ಲಿ ಅಧ್ಯಕ್ಷರ ಭವನದೆದುರಿಗೆ ಮೇ ಚೌಕವೆಂಬ ಬಯಲುಂಟು. 1977ರಿಂದ ತಲೆಗೆ ಬಿಳಿಯ ವಸ್ತ್ರವನ್ನು ಕಟ್ಟಿಕೊಂಡ ತಾಯಂದಿರು ಪ್ರತಿ ಗುರುವಾರವೂ ಅಲ್ಲಿ ಸುತ್ತು ಬರುತ್ತ, ಕಾಣೆಯಾದ ತಮ್ಮ ಮಕ್ಕಳೆಲ್ಲಿ ಎಂದು ಕೇಳಿದ ಸಂಗತಿಯು ವಾಚಕರಲ್ಲಿ ಹಲವರಿಗೆ ತಿಳಿದಿರಬಹುದು. ಅವರೊಳಗಿನ ಕೆಲವರಿಗೆ ಇನ್ನೊಂದು ಪ್ರಶ್ನೆಯೂ ಇದ್ದಿತು: ಮೊಮ್ಮಕ್ಕಳೆಲ್ಲಿ?

1976ನೆಯ ಮಾರ್ಚ್ 24ರಂದು ಅಧಿಕಾರವನ್ನು ಕಿತ್ತುಕೊಂಡ ಸೇನಾಧಿಪತಿಗಳು 1983ರ ವರೆಗೆ ಆಳಿದರು. ವಿರೋಧಿಗಳೆಂದು ಶಂಕೆಗೊಳಗಾದವರು ಗುಪ್ತ ಬಂದಿಖಾನೆಗಳ ಪಾಲಾದರು. ಗರ್ಭಿಣಿಯರನ್ನು ಪ್ರಸವದ ವರೆಗೆ ಮಾತ್ರ ಬದುಕಗೊಟ್ಟು, ಬಳಿಕ ಕೊಂದು, ಕೂಸುಗಳನ್ನು ಸೈನಿಕರ, ಪೋಲೀಸರ ಹಾಗೂ ಅವರ ಆಪ್ತರ ಮನೆಗಳಿಗೆ ಸುಳ್ಳು ಜನನಪತ್ರಗಳೊಡನೆ ಹಂಚಲಾಯಿತು. ಇಂತಹ ಶಿಶುಗಳು ಸುಮಾರು 500 ಎಂದು ಅಜ್ಜಿಯರ ಸಂಘದ ಅಂದಾಜು. ಕಾಗದಪತ್ರವೇ ಸುಳ್ಳಾದ ಮೇಲೆ ವಂಶವನ್ನು ಸ್ಥಾಪಿಸುವ ಬಗೆ ಹೇಗೆ?

ತಂದೆತಾಯಿಗಳಿದ್ದರೆ ರಕ್ತವನ್ನು ಹೋಲಿಸಿ ನೋಡುವುದು ಸುಲಭ. ಇಲ್ಲಿ ಅವರೇ ಇಲ್ಲ. ಅಜ್ಜಿಯರು ವಿದೇಶದ ವಿಜ್ಞಾನಿಗಳ ಬಾಗಿಲನ್ನು ತಟ್ಟಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಮೇರಿ-ಕ್ಲೇರ್ ಕಿಂಗ್ ಎಂಬ ವಿದುಷಿಯು 1984ರಲ್ಲಿ ಈ ಕಾರ್ಯಕ್ಕೆ ಕೈಹಾಕಿದರು. ಮೊದಲು ರಕ್ತದ ಬಿಳಿಯ ಕಣಗಳ ಗುರುತುಗಳಿಂದ ಅಜ್ಜತನದ ಸಂಭವವನ್ನು ಲೆಕ್ಕಹಾಕಲಾಯಿತು. ಅದೇ ವರ್ಷ ಅಪಹೃತಳಾಗಿದ್ದ ಬಾಲಿಕೆಯೊಬ್ಬಳು ಅಜ್ಜಿಯ ಮಡಿಲಿಗೆ ಮರಳಿದಳು. ಮುಂದೆ ಮೈಟೊಕಾಂಡ್ರಿಯದ ಡಿ.ಎನ್.ಎ. ಬಳಕೆಗೆ ಬಂದಿತು. ಜೀವಕೋಶದ ಕೇಂದ್ರದ ಹೊರಗಿರುವ ಈ ಅಂಶವು ತಾಯಿಯಿಂದ ಮಾತ್ರವೇ ಮಕ್ಕಳಿಗೆ ಇಳಿಯುತ್ತದೆ. ತಂದೆಯ ಪಾಲು ಇದರಲ್ಲಿಲ್ಲ. ನಮ್ಮಲ್ಲಿ ಗೋತ್ರವನ್ನು ತಂದೆಯಿಂದ ಎಣಿಸುವವರಿಗೆ ಇದು ವಿಚಿತ್ರವೆನಿಸಬಹುದು. ಅಳಿಯಸಂತಾನದ ತುಳುನಾಡಿನವರಿಗೆ ಅಷ್ಟು ವಿಚಿತ್ರವೆನಿಸಲಾರದು. ನಡುವಣ ಮಗಳು ಹತಳಾಗಿದ್ದರೂ ತಾಯಿಯ ತಾಯಿಯೊಬ್ಬಳ ರಕ್ತದಿಂದಲೇ ಆ ಎಳೆಯನ್ನು ಹಿಡಿಯಬಹುದು. ಆಕೆಯೂ ಇಲ್ಲದಿದ್ದರೆ ಸೋದರಮಾವನೋ ಚಿಕ್ಕಮ್ಮನೋ ಸಾಕು. 1987ರಲ್ಲಿ ಅಲ್ಲಿನ ಸರಕಾರವು ಶಾಸನದ ಮೂಲಕ ರಾಷ್ಟ್ರೀಯ ವಂಶದತ್ತಾಂಶ ಭಂಡಾರವೊಂದನ್ನು ಸ್ಥಾಪಿಸಿತು.

ಆದರೆ ಪರೀಕ್ಷೆಯ ಫಲವನ್ನು ಹೊರಬೇಕಾದವರು ಮೊಮ್ಮಕ್ಕಳು. ಅಪ್ಪನೆಂದು ಕರೆದವನು ತನ್ನ ತಂದೆಯ ಕೊಲೆಯಲ್ಲಿ ಭಾಗಿಯಾಗಿರಬಹುದೆಂದು ಕೇಳುವ ಯುವಕನ ಗತಿಯೇನು? ಸಾಕಿದವರು ಸೆರೆಮನೆಗೆ ಹೋಗುವರೆಂದು ರಕ್ತ ಕೊಡಲೊಪ್ಪದವರೂ ಇದ್ದರು. ಅವರ ಬಟ್ಟೆ, ಹಲ್ಲುಜ್ಜುವ ಕುಂಚ ಮುಂತಾದುವುಗಳಿಂದ ನ್ಯಾಯಾಧೀಶರು ಮಾದರಿ ತೆಗೆಯಿಸಬಹುದೆಂದು 2009ರಲ್ಲಿ ಕಾನೂನಾಯಿತು. ಒಬ್ಬನ ಒಪ್ಪಿಗೆಯಿಲ್ಲದೆ ಅವನ ಕುಲವನ್ನು ಬಗೆದು ನೋಡುವುದು ನಮಗೆ ರುಚಿಸುವ ಮಾತಲ್ಲ. ಆದರೂ ಇಲ್ಲಿ ಕಳುವಾದ ವಸ್ತು ಆ ಮನುಷ್ಯನೇ ಆಗಿರುವಾಗ, ಕಳ್ಳನಿಗೆ ಅವನ ಮೌನದ ಮರೆಯನ್ನು ಕೊಡುವುದೂ ನ್ಯಾಯವೆಂದು ತೋರುವುದಿಲ್ಲ. ಶಿಶುಗಳನ್ನು ಅಪಹರಿಸುವ ವ್ಯವಸ್ಥೆಯನ್ನೇ ನಡೆಸಿದ ಅಪರಾಧಕ್ಕಾಗಿ ಮಾಜಿ ಸರ್ವಾಧಿಕಾರಿ ವಿಡೇಲಾನಿಗೆ 2012ರಲ್ಲಿ 50 ವರ್ಷಗಳ ಶಿಕ್ಷೆಯಾಯಿತು.

ಅಜ್ಜಿಯರ ಸಂಘದ ಅಧ್ಯಕ್ಷಿಣಿ ಎಸ್ತೆಲಾ ಡಿ ಕಾರ್ಲೊಟ್ಟೊ ಅವರ ಮಗಳು ಲೌರಾ 1978ರಲ್ಲಿ ಸೆರೆಯಲ್ಲಿಯೇ ಹೆತ್ತು, ಎರಡು ತಿಂಗಳೊಳಗೆ ಹತಳಾದಳು. ಸಂಗೀತಗಾರನಾಗಿದ್ದ ಆ ಮಗನು ತನ್ನ ಜನ್ಮದ ವಿಷಯದಲ್ಲಿ ಸಂಶಯಗೊಂಡು ತಾನಾಗಿಯೇ ರಕ್ತ ಕೊಟ್ಟನು. 2014ರ ಆಗಸ್ಟಿನಲ್ಲಿ ಅಜ್ಜಿಗೆ ಸಿಕ್ಕಿದನು. ಪತ್ತೆಯಾದವರಲ್ಲಿ ಅವನು 114ನೆಯವನು. ಅಜ್ಜಿಯು ಅವನನ್ನು ಗಿಡೊ ಎಂದು ಕರೆದರೆ, ಅವನು ಬೆಳೆದ ಮನೆಯ ಇಗ್ನಾಸಿಯೊ ಎಂಬ ಹೆಸರನ್ನೇ ಉಳಿಸಿಕೊಂಡನು. 2025ರ ಜುಲೈ ವೇಳೆಗೆ ಈ ಸಂಖ್ಯೆ 140 ಆಯಿತು. ಹುಡುಕುತ್ತಲೇ ತೀರಿಹೋದ ಅಜ್ಜಿಯರ ರಕ್ತವು ಭಂಡಾರದಲ್ಲಿ ಈಗಲೂ ಸುರಕ್ಷಿತವಾಗಿದೆ.