ಟೈರೂ ಅಲ್ಲ, ಗಿಡ್ಡ ರನ್‌ವೇಯೂ ಅಲ್ಲ

2010ರ ಮೇ 22ರಂದು ಬೆಳಿಗ್ಗೆ 6 ಗಂಟೆ ದಾಟಿದ ಹೊತ್ತಿಗೆ, ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ನೆಲ ಮುಟ್ಟಿತು. ನಿಲ್ಲಲಾಗದೆ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಉರುಳಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಅಂದೇ ಕಾರಣವೂ ಸುದ್ದಿಯಾಯಿತು: ಟೈರು ಸಿಡಿಯಿತು! ಬದುಕಿ ಬಂದವರು ಕೇಳಿದ ದೊಡ್ಡ ಸದ್ದೇ ಇದಕ್ಕೆ ಆಧಾರ. ಅವರು ಸದ್ದು ಕೇಳಿದ್ದು ಸುಳ್ಳಲ್ಲ. ಆದರೆ ಸದ್ದಿಗೆ ಕಾರಣ ಹೇಳಬೇಕಾದವರು ಅವರಲ್ಲ. ಮುಂದೆ ತನಿಖಾ ವರದಿ ಟೈರನ್ನು ಅಪಘಾತದ ಕಾರಣವಾಗಿ ಎಣಿಸಲಿಲ್ಲ.

ಟೈರಿನ ಮಾತು ಹಿಂದೆ ಬಿದ್ದ ಮೇಲೆ ಬೆಟ್ಟದ ನೆತ್ತಿಯ ‘ಟೇಬಲ್ ಟಾಪ್’ ರನ್‌ವೇ ಆರೋಪಿಯಾಯಿತು. ಅದು ಗಿಡ್ಡ, ಅದಕ್ಕೇ ವಿಮಾನ ಬಿತ್ತು ಎಂದು ಇಂದಿಗೂ ಹೇಳುವವರಿದ್ದಾರೆ. ಆ ರನ್‌ವೇಯ ಉದ್ದ 2,450 ಮೀಟರು, ಅಂದರೆ ಸುಮಾರು 8,000 ಅಡಿ. ಬೋಯಿಂಗ್ 737ಕ್ಕೆ ಅದು ಸಾಲದ ಉದ್ದವಲ್ಲ. ಆದರೆ ಆ ದಿನ ವಿಮಾನ ರನ್‌ವೇ ಆರಂಭವನ್ನು ದಾಟುವಾಗ 50 ಅಡಿ ಎತ್ತರದಲ್ಲಿರಬೇಕಿದ್ದುದು ಸುಮಾರು 200 ಅಡಿ ಎತ್ತರದಲ್ಲಿತ್ತು. ವೇಗವೂ ಮಿತಿ ಮೀರಿತ್ತು. 5,200 ಅಡಿ ಕಳೆದ ಮೇಲಷ್ಟೇ ಚಕ್ರ ನೆಲಕ್ಕೆ ತಾಗಿತು. ಆಗಲೂ ಪೂರ್ತಿ ಬ್ರೇಕು ಒತ್ತಿದ್ದರೆ ರನ್‌ವೇ ಮುಗಿಯುವ ಮುನ್ನವೇ ನಿಲ್ಲಿಸಬಹುದಿತ್ತೆಂದು ಬೋಯಿಂಗ್ ಲೆಕ್ಕ ಹಾಕಿ ತೋರಿಸಿತು. ಕಮಾಂಡರ್ ಮಾತ್ರ ಬ್ರೇಕು ಹಾಕಿ, ಕೆಲವೇ ಸೆಕೆಂಡುಗಳಲ್ಲಿ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಹೊರಟಿದ್ದರು.

ವಿಮಾನ ಬಿದ್ದ ದಿನ ಇದು ಯಾರಿಗೂ ತಿಳಿದಿರಲು ಸಾಧ್ಯವಿಲ್ಲ. ಕಪ್ಪು ಪೆಟ್ಟಿಗೆ (ಅದರ ಬಣ್ಣ ಕಿತ್ತಳೆ, ಹೆಸರೇ ಒಂದು ತಪ್ಪು ಸುದ್ದಿ) ಸಿಕ್ಕಿ, ಅದರ ದಾಖಲೆ ಬಿಡಿಸಿ, ಸೆಕೆಂಡು ಸೆಕೆಂಡಿಗೆ ಹೊಂದಿಸಲು ತಿಂಗಳುಗಳೇ ಬೇಕು. ಪತ್ರಿಕೆ ಅಚ್ಚಿಗೆ ಹೋಗಬೇಕಾದದ್ದು ಅದೇ ರಾತ್ರಿ, ಟಿ.ವಿ.ಗೆ ಅಷ್ಟೂ ಪುರಸೊತ್ತಿಲ್ಲ.

ಇದಕ್ಕೆ 20 ವರ್ಷ ಹಿಂದೆಯೂ ಹೀಗೇ ಆಗಿತ್ತು. 1990ರ ಫೆಬ್ರುವರಿ 14ರಂದು ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಹೊಚ್ಚ ಹೊಸ ಏರ್‌ಬಸ್ ಎ-320 ಬಿದ್ದು 92 ಮಂದಿ ಸತ್ತಾಗ, ಕಂಪ್ಯೂಟರು ನಡೆಸುವ ವಿಮಾನವೇ ಅಪಾಯಕಾರಿ ಎಂಬ ಕೂಗೆದ್ದಿತು. ಸರ್ಕಾರ ಆ ಬಗೆಯ ವಿಮಾನಗಳ ಹಾರಾಟವನ್ನೇ ತಡೆಹಿಡಿಯಿತು. ತನಿಖೆಯಲ್ಲಿ ಕಂಡುಬಂದದ್ದು ಬೇರೆ: ಎಂಜಿನುಗಳು ಕನಿಷ್ಠ ಶಕ್ತಿಯಲ್ಲಿದ್ದಾಗ ವೇಗ ಕುಸಿಯುತ್ತಿದ್ದುದನ್ನು ಪೈಲಟ್‌ಗಳು ಸಕಾಲದಲ್ಲಿ ಗಮನಿಸಿರಲಿಲ್ಲ.

ಮಂಗಳೂರಿನ ವರದಿಯ ಅಂಶಗಳು 2010ರ ನವೆಂಬರಿನಲ್ಲಿ ಹೊರಬಿದ್ದಾಗ ಸುದ್ದಿ ಹಿಡಿದದ್ದು ಒಂದೇ ಪದವನ್ನು: ಗೊರಕೆ. ಧ್ವನಿಮುದ್ರಿಕೆಯ ಮೊದಲ ಒಂದು ಗಂಟೆ 40 ನಿಮಿಷ ಕಮಾಂಡರ್ ನಿದ್ರಿಸುತ್ತಿದ್ದುದು ನಿಜ. ಆದರೆ ‘ನಿದ್ರಿಸುತ್ತಲೇ ವಿಮಾನ ಇಳಿಸಿದ’ ಎಂದು ಜನ ತಿಳಿದದ್ದು ನಿಜವಲ್ಲ. ಇಳಿಯುವ ಹೊತ್ತಿಗೆ ಅವರು ಎದ್ದಿದ್ದರು. ನಿದ್ದೆಯ ಮಂಪರು ವಿವೇಚನೆಯನ್ನು ಮಂದಗೊಳಿಸಿರಬಹುದು ಎಂಬುದಷ್ಟೇ ವರದಿಯ ಮಾತು. ಅದೇ ವರದಿಯಲ್ಲಿ ಇನ್ನೂ ಇತ್ತು. ಮಂಗಳೂರಿನ ರೇಡಾರ್ ಕೆಟ್ಟಿದ್ದರಿಂದ ಕೆಳಗಿಳಿಯಲು ಅನುಮತಿ ಸಿಕ್ಕಿದ್ದೇ ತಡವಾಗಿ. ವಿಮಾನ ಎತ್ತರದಲ್ಲೇ ಉಳಿದದ್ದಕ್ಕೆ ಅದೂ ಒಂದು ಕಾರಣ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಬಾರಿ ಹೇಳಿದ್ದರು. ಹಿರಿಯರು ಕೇಳದಿದ್ದಾಗ ನಿಯಂತ್ರಣವನ್ನು ತಾವೇ ಕೈಗೆ ತೆಗೆದುಕೊಳ್ಳಲಿಲ್ಲ.