‘ನೋವಾಗಿದ್ದರೆ ಕ್ಷಮಿಸಿ’ ಎನ್ನುವ ಮುನ್ನ

‘ರಿಕ್ಷಾ’ ಕನ್ನಡದ ಮಾತೇ ಆಗಿಹೋಗಿದ್ದರೂ ಅದರ ಮೂಲ ಜಪಾನಿನದು. ‘ಜಿನ್’ ಎಂದರೆ ಮನುಷ್ಯ, ‘ರಿಕಿ’ ಎಂದರೆ ಶಕ್ತಿ, ‘ಶಾ’ ಎಂದರೆ ಗಾಡಿ. ಮನುಷ್ಯನ ಬಲದಿಂದ ಓಡುವ ಗಾಡಿಯೇ ‘ಜಿನ್‌ರಿಕಿಶಾ’. 1870ರ ಸುಮಾರಿಗೆ ಜಪಾನಿನಲ್ಲಿ ಬಳಕೆಗೆ ಬಂದು ಚೀನಾ, ಸಿಂಗಪುರ, ಕಲ್ಕತ್ತಗಳಿಗೆ ಹರಡಿದ ಈ ಗಾಡಿಯನ್ನು ಎಳೆದವರು ಬಡವರು; ಅದರಲ್ಲಿ ಕುಳಿತವರು ಬಹುಪಾಲು ಉಳ್ಳವರು. ಇಂಥ ಗಾಡಿಯ ಹೆಸರು 2004ರಲ್ಲಿ ಅಮೆರಿಕದ ಚರ್ಚುಗಳ ಮಕ್ಕಳ ಪಾಠಕ್ಕೆ ತಲೆಬರಹವಾಗಿ ಬಂದು, ಅಲ್ಲಿನ ಕ್ರೈಸ್ತರ ನಡುವೆಯೇ ಸುಮಾರು ಒಂದು ದಶಕ ನಡೆದ ವಾದಕ್ಕೆ ನಾಂದಿಯಾಯಿತು.

ಅಮೆರಿಕದ ಪ್ರಾಟೆಸ್ಟಂಟ್ ಚರ್ಚುಗಳಲ್ಲಿ ಬೇಸಿಗೆ ರಜೆಯ ಕೆಲವು ದಿನ ಮಕ್ಕಳಿಗಾಗಿ ಬೈಬಲ್ ಶಾಲೆ ನಡೆಸುವ ವಾಡಿಕೆ ಹಳೆಯದು. ಹಾಡು, ಆಟ, ಕೈಗೆಲಸಗಳ ನಡುವೆ ಬೈಬಲಿನ ಕಥೆಗಳನ್ನು ಹೇಳಿಕೊಡಲಾಗುತ್ತದೆ. ಪ್ರತಿ ವರ್ಷವೂ ಒಂದು ಹೊಸ ‘ವಿಷಯ’ವನ್ನು ಆರಿಸಿ, ಪಠ್ಯ, ಅಲಂಕಾರ, ಹಾಡುಗಳನ್ನು ಒಟ್ಟಾಗಿ ಸಿದ್ಧಪಡಿಸಿ ಮಾರುವುದು ಧಾರ್ಮಿಕ ಪ್ರಕಾಶನ ಸಂಸ್ಥೆಗಳ ದೊಡ್ಡ ಉದ್ಯಮ. ಅಂಥದೊಂದು ಸಂಸ್ಥೆ, ಆಗ ಟೆನೆಸಿ ರಾಜ್ಯದ ನ್ಯಾಷ್‌ವಿಲ್‌ನಲ್ಲಿದ್ದ ‘ಲೈಫ್‌ವೇ’. ಅದು ಅಮೆರಿಕದ ಅತಿ ದೊಡ್ಡ ಪ್ರಾಟೆಸ್ಟಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್ನಿನ ಪ್ರಕಾಶನ ವಿಭಾಗ. 2004ರ ಬೇಸಿಗೆಗಾಗಿ ಅದು ಹೊರತಂದ ಪಠ್ಯದ ಹೆಸರು ‘ರಿಕ್ಷಾ ರ‍್ಯಾಲಿ’.

ಮಕ್ಕಳಿಗೆ ಪೂರ್ವ ದೇಶಗಳ ಪರಿಚಯ ಮಾಡಿಸುತ್ತ ಬೈಬಲ್ ಕಲಿಸುವುದು ಅದರ ಉದ್ದೇಶವಾಗಿತ್ತು. ಆದರೆ ಅದರಲ್ಲಿ ಕಿಮೋನೊ ಜಪಾನಿನದು. ಮಕ್ಕಳ ಹೆಸರುಚೀಟಿಯ ಆಕಾರ ಅಮೆರಿಕದ ಚೀನಿ ಹೋಟೆಲುಗಳು ಊಟ ಕಟ್ಟಿಕೊಡುವ ಪೊಟ್ಟಣದ್ದು. ಬೇರೆ ಬೇರೆ ದೇಶಗಳ ಉಡುಗೆ, ಊಟ, ಕಸರತ್ತುಗಳೆಲ್ಲ ಒಂದೇ ‘ಏಷ್ಯಾ’ ಎಂಬಂತೆ ಕಲಸಿಹೋಗಿದ್ದವು. ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಆಗ ಸಭಾಪಾಲಕರಾಗಿದ್ದ ಕೊರಿಯಾ ಮೂಲದ ಸೂಂಗ್-ಚಾನ್ ರಾ ಮತ್ತು ಇತರರು ಇದನ್ನು ಆಕ್ಷೇಪಿಸಿ ಸಹಿ ಸಂಗ್ರಹಿಸಿದರು. ಚರ್ಚಿಗೆ ಬರುವ ಏಷ್ಯಾ ಮೂಲದ ಮಗು ತನ್ನ ಅಜ್ಜಿಯ ಉಡುಗೆಯನ್ನು ಗೆಳೆಯರು ವೇಷದಂತೆ ತೊಟ್ಟು ನಗುವುದನ್ನು ನೋಡಬೇಕೆ ಎಂಬುದು ಆಕ್ಷೇಪದ ತಿರುಳು. ಸಂಸ್ಥೆ ತನ್ನ ಉದ್ದೇಶ ಒಳ್ಳೆಯದೆಂದು ಸಮರ್ಥಿಸಿಕೊಂಡಿತೇ ಹೊರತು ಪಠ್ಯವನ್ನು ಹಿಂತೆಗೆದುಕೊಳ್ಳಲಿಲ್ಲ.

ನಗೆಯ ಹಿಂದಿನ ಚರಿತ್ರೆ

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ರಾದ್ಧಾಂತವೇಕೆ ಎಂದು ಆಗ ಕೇಳಿದವರು ಅನೇಕರು. ಉತ್ತರಕ್ಕಾಗಿ ಅಮೆರಿಕದ ಚರಿತ್ರೆಯಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಚಿನ್ನದ ಗಣಿಗಳಲ್ಲೂ ರೈಲುಮಾರ್ಗ ನಿರ್ಮಾಣದಲ್ಲೂ ದುಡಿಯಲು ಬಂದ ಚೀನಿಯರನ್ನು ಅಲ್ಲಿನ ಪತ್ರಿಕೆಗಳ ವ್ಯಂಗ್ಯಚಿತ್ರಗಳು ಜಡೆ, ವಾರೆಗಣ್ಣು, ತೊದಲು ಇಂಗ್ಲಿಷಿನ ಪ್ರಾಣಿಗಳಂತೆ ಚಿತ್ರಿಸಿದವು. 1882ರಲ್ಲಿ ಚೀನಿ ಕೂಲಿಕಾರರು ದೇಶದೊಳಗೆ ಬಾರದಂತೆ ಕಾಯಿದೆಯೇ ಜಾರಿಗೆ ಬಂತು. ಅದು ರದ್ದಾಗಲು 1943ರವರೆಗೆ ಕಾಯಬೇಕಾಯಿತು. ಜಪಾನಿನೊಡನೆ ಯುದ್ಧ ಆರಂಭವಾದ ಮೇಲೆ, 1942ರಿಂದ, ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆಮಠ ಬಿಡಿಸಿ ಶಿಬಿರಗಳಲ್ಲಿ ಕೂಡಿಹಾಕಲಾಯಿತು. ಅವರಲ್ಲಿ ಮೂರನೆಯ ಎರಡು ಭಾಗದಷ್ಟು ಜನ ಅಮೆರಿಕದ ಪ್ರಜೆಗಳೇ. ಸರ್ಕಾರ ಇದಕ್ಕಾಗಿ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೆ 20,000 ಡಾಲರ್ ಪರಿಹಾರ ಕೊಡಲು ಒಪ್ಪಿದ್ದು 1988ರಲ್ಲಿ.

ಎಲ್ಲ ಏಷ್ಯನ್ನರೂ ಒಂದೇ ಎಂಬ ಭಾವನೆ ಪ್ರಾಣಕ್ಕೇ ಎರವಾಗಬಲ್ಲದು ಎಂಬುದಕ್ಕೆ ವಿನ್ಸೆಂಟ್ ಚಿನ್ ಪ್ರಕರಣ ಸಾಕ್ಷಿ. ಜಪಾನಿ ಕಾರುಗಳ ಪೈಪೋಟಿಯಿಂದ ಡೆಟ್ರಾಯಿಟ್‌ನ ಕಾರ್ಖಾನೆಗಳಲ್ಲಿ ಕೆಲಸಗಳು ಹೋಗುತ್ತಿದ್ದ ಕಾಲ ಅದು. 1982ರಲ್ಲಿ ಚೀನಿ ಮೂಲದ ಈ ಯುವಕನನ್ನು ಇಬ್ಬರು ಬಿಳಿಯರು ಬೇಸ್‌ಬಾಲ್ ದಾಂಡಿನಿಂದ ಹೊಡೆದು ಕೊಂದರು. ರಾಜ್ಯದ ನ್ಯಾಯಾಲಯ ಅವರಿಗೆ ವಿಧಿಸಿದ್ದು ತಲಾ 3,000 ಡಾಲರ್ ದಂಡ ಮತ್ತು ಸನ್ನಡತೆಯ ಅವಧಿ, ಸೆರೆಮನೆಯಲ್ಲ. ಈ ನೆನಪನ್ನು ಹೊತ್ತ ಮನೆಗಳಿಗೆ ಅಣಕದ ಉಚ್ಚಾರಣೆಯೂ ಕಲಸಿದ ವೇಷವೂ ಬರೀ ತಮಾಷೆಯಾಗಿ ಕಾಣುವುದಿಲ್ಲ.

ಸದರ್ನ್ ಬ್ಯಾಪ್ಟಿಸ್ಟ್ ಪಂಗಡಕ್ಕೂ ಇಂಥ ಲೆಕ್ಕ ಹೊಸದಲ್ಲ. ಗುಲಾಮರ ಒಡೆಯರು ಮಿಷನರಿಗಳಾಗಬಹುದೇ ಎಂಬ ವಿವಾದದಲ್ಲಿ ಉತ್ತರದ ಬ್ಯಾಪ್ಟಿಸ್ಟರಿಂದ ಸಿಡಿದು 1845ರಲ್ಲಿ ಅದು ಹುಟ್ಟಿಕೊಂಡಿತು. ಒಂದೂವರೆ ಶತಮಾನದ ಬಳಿಕ, 1995ರಲ್ಲಿ, ಗುಲಾಮಗಿರಿಯನ್ನು ಬೆಂಬಲಿಸಿದ್ದಕ್ಕಾಗಿ ಕಪ್ಪು ವರ್ಣೀಯರ ಕ್ಷಮೆ ಕೋರಿ ನಿರ್ಣಯ ಅಂಗೀಕರಿಸಿತು. ಹಾಗೆ ಕ್ಷಮೆ ಕೇಳಿ ಒಂಬತ್ತು ವರ್ಷವೂ ತುಂಬುವ ಮೊದಲೇ ‘ರಿಕ್ಷಾ’ದ ವಿವಾದ ಎದ್ದಿತ್ತು. ಒಂದು ಜನಾಂಗಕ್ಕೆ ಮಾಡಿದ ಅನ್ಯಾಯದಿಂದ ಕಲಿತ ಪಾಠ ಇನ್ನೊಂದು ಜನಾಂಗದ ವಿಷಯದಲ್ಲಿ ತಾನಾಗಿ ಕೆಲಸಕ್ಕೆ ಬರುವುದಿಲ್ಲ ಎಂಬುದು ಇದರಿಂದ ತಿಳಿಯಿತು.

ಒಂದೇ ಗ್ರಂಥ, ಎರಡು ಮಾತು

ಐದು ವರ್ಷಗಳ ನಂತರ ಎರಡನೆಯ ಪ್ರಕರಣ ಬಂತು. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಹೆಸರಾಂತ ಕ್ರೈಸ್ತ ಪ್ರಕಾಶನ ‘ಜೊಂಡರ್ವನ್’, ‘ಡೆಡ್ಲಿ ವೈಪರ್’ ಎಂಬ ಪುಸ್ತಕವನ್ನು ಹೊರತಂದಿತು. ನಾಯಕರಾದವರು ತಮ್ಮ ಶೀಲವನ್ನು ಕಾಪಾಡಿಕೊಳ್ಳುವುದು ಹೇಗೆ ಎಂಬುದು ಅದರ ವಸ್ತು. ಆದರೆ ಹೊರಗಿನ ಸಿಂಗಾರವೆಲ್ಲ ಕುಂಗ್‌ಫು ಸಿನಿಮಾದ್ದು. ಚೀನಿ ಲಿಪಿ ಅಲಂಕಾರಕ್ಕಷ್ಟೇ ಬಳಕೆಯಾಗಿತ್ತು. ಪ್ರಚಾರದ ವಿಡಿಯೊದಲ್ಲಿ ಪೂರ್ವದವರ ಉಚ್ಚಾರಣೆಯನ್ನು ಅಣಕಿಸುವ ದನಿಯಿತ್ತು. ಲೇಖಕರಿಬ್ಬರೂ ಬಿಳಿಯರು. ಸೂಂಗ್-ಚಾನ್ ರಾ, ಯೂಜೀನ್ ಚೋ, ಕ್ಯಾಥಿ ಖಾಂಗ್ ಮೊದಲಾದವರು ಬಹಿರಂಗವಾಗಿ ಪ್ರತಿಭಟಿಸಿದರು.

ಆಗ ಎದ್ದ ವಾದದಲ್ಲಿ ಎರಡು ಕಡೆಯವರ ಕೈಯಲ್ಲೂ ಇದ್ದದ್ದು ಬೈಬಲೇ. ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಪ್ರಕಾರ, ಸಹೋದರನು ತಪ್ಪು ಮಾಡಿದರೆ ಮೊದಲು ಅವನೊಬ್ಬನನ್ನೇ ಕಂಡು ತಿಳಿಹೇಳಬೇಕು. ಪ್ರತಿಭಟನೆಕಾರರು ಲೇಖಕರನ್ನು ಖಾಸಗಿಯಾಗಿ ಕಾಣದೆ ಊರೆಲ್ಲ ಡಂಗುರ ಸಾರಿದ್ದೇಕೆ ಎಂದು ಕೆಲವರು ಈ ಮಾತನ್ನು ಮುಂದಿಟ್ಟರು. ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಪುಸ್ತಕ ಇಬ್ಬರ ನಡುವಿನ ಗುಟ್ಟಲ್ಲ, ಎಲ್ಲರೆದುರು ಆದದ್ದಕ್ಕೆ ಎಲ್ಲರೆದುರೇ ಉತ್ತರ ಬೇಕು ಎಂಬುದು ಇನ್ನೊಂದು ಪಕ್ಷ. ಅದೇ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಮತ್ತೊಂದು ಬೋಧೆಯೂ ಇದೆ. ಯಜ್ಞವೇದಿಗೆ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನೋ ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಸಮಾಧಾನವಾಗಬೇಕು ಎಂಬುದು ಅದು. ಮೊದಲ ಮಾತು ನೊಂದವನ ಕಾಲಿಗೆ ಕೆಲಸ ಕೊಡುತ್ತದೆ. ಎರಡನೆಯದು ನೋಯಿಸಿದವನ ಕಾಲಿಗೆ. ಯಾವ ಮಾತು ಯಾರಿಗೆ ಮೊದಲು ನೆನಪಾಗುತ್ತದೆ ಎಂಬುದರಲ್ಲೇ ಅವರವರ ನಿಲುವು ಬಯಲಾಗುತ್ತಿತ್ತು.

ಏಷ್ಯಾ ಮೂಲದವರೆಲ್ಲ ಒಂದೇ ದನಿಯಲ್ಲಿ ಮಾತನಾಡಿದರು ಎನ್ನುವಂತೆಯೂ ಇಲ್ಲ. ಇದನ್ನು ದೊಡ್ಡದು ಮಾಡಬಾರದು, ಕ್ಷಮಿಸುವುದೇ ಕ್ರೈಸ್ತಧರ್ಮ ಎಂದವರು ಅವರಲ್ಲಿಯೇ ಇದ್ದರು. ಹಿರಿಯರ ಎದುರು ದನಿಯೆತ್ತದ, ನಾಲ್ಕು ಜನರ ನಡುವೆ ಮುಖಭಂಗ ಮಾಡದ ಸಂಸ್ಕಾರದಲ್ಲಿ ಬೆಳೆದವರಿಗೆ ಬಹಿರಂಗ ಪತ್ರ ಬರೆಯುವುದೇ ಕಷ್ಟದ ಕೆಲಸ. ಈ ಮೌನವೇ ‘ಅವರಿಗೇನೂ ಬೇಸರವಿಲ್ಲ’ ಎಂಬ ಅಭಿಪ್ರಾಯಕ್ಕೆ ಆಧಾರವಾಗಿತ್ತು.

2009ರ ನವೆಂಬರಿನಲ್ಲಿ ಜೊಂಡರ್ವನ್ನಿನ ಮುಖ್ಯಾಧಿಕಾರಿ ಮೋ ಗಿರ್ಕಿನ್ಸ್ ಕ್ಷಮೆ ಕೇಳಿ, ಪುಸ್ತಕವನ್ನೂ ಅದಕ್ಕೆ ಸೇರಿದ ಸಾಮಗ್ರಿಯನ್ನೂ ಅಂಗಡಿಗಳಿಂದ ಹಿಂದಕ್ಕೆ ತರಿಸುವುದಾಗಿ ಪ್ರಕಟಿಸಿದರು. ಲೇಖಕರೂ ಕ್ಷಮೆ ಕೋರಿದರು. ಅಚ್ಚಾದ ಪುಸ್ತಕವನ್ನು ಹಿಂತೆಗೆಯುವುದೆಂದರೆ ಪ್ರಕಾಶಕರಿಗೆ ನಷ್ಟವೇ. ಆ ನಷ್ಟಕ್ಕೆ ಸಿದ್ಧರಾದದ್ದರಿಂದಲೇ ಕ್ಷಮೆಯ ಮಾತಿಗೆ ತೂಕ ಬಂತು.

ಕ್ಷಮೆಯ ವ್ಯಾಕರಣ

ಮೂರನೆಯ ಪ್ರಕರಣದಲ್ಲಿದ್ದವರು ಇನ್ನೂ ದೊಡ್ಡ ಹೆಸರಿನವರು. ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಚರ್ಚಿನ ಸ್ಥಾಪಕ ರಿಕ್ ವಾರನ್ ಅವರ ಒಂದು ಪುಸ್ತಕ ಕೋಟಿಗಟ್ಟಲೆ ಪ್ರತಿ ಮಾರಾಟವಾಗಿತ್ತು. 2013ರ ಸೆಪ್ಟೆಂಬರಿನಲ್ಲಿ ಅವರು ಚೀನಾದ ಸಾಂಸ್ಕೃತಿಕ ಕ್ರಾಂತಿಯ ಕಾಲದ ರೆಡ್ ಗಾರ್ಡ್ ಯುವತಿಯ ಚಿತ್ರವೊಂದನ್ನು ಫೇಸ್‌ಬುಕ್‌ನಲ್ಲಿ ಹಾಕಿ, ತಮ್ಮ ಚರ್ಚಿನ ಸಿಬ್ಬಂದಿ ಪ್ರತಿದಿನ ಕೆಲಸಕ್ಕೆ ತೊಡಗುವುದು ಇದೇ ಹುರುಪಿನಿಂದ ಎಂಬ ಅರ್ಥದ ತಮಾಷೆಯ ಸಾಲು ಬರೆದರು. 1966ರಿಂದ ರೆಡ್ ಗಾರ್ಡ್‌ಗಳು ಶಿಕ್ಷಕರನ್ನು ಬೀದಿಯಲ್ಲಿ ಅವಮಾನಿಸಿದ್ದು, ಚರ್ಚು, ಬೌದ್ಧಾಲಯಗಳಿಗೆ ನುಗ್ಗಿದ್ದು, ಎಷ್ಟೋ ಜನರನ್ನು ಹೊಡೆದು ಕೊಂದದ್ದು ಚೀನಿ ಮನೆತನಗಳ ನೆನಪಿನಿಂದ ಅಳಿದಿರಲಿಲ್ಲ. ಸ್ಯಾಡಲ್‌ಬ್ಯಾಕ್ ಆಗಷ್ಟೇ ಹಾಂಗ್‌ಕಾಂಗ್‌ನಲ್ಲಿ ಶಾಖೆ ತೆರೆಯುವ ಸಿದ್ಧತೆಯಲ್ಲಿತ್ತು. ಆಕ್ಷೇಪಗಳು ಬಂದಾಗ ವಾರನ್ ಮೊದಲಿಗೆ, ಇದು ಹಾಸ್ಯ, ಯೇಸುವಿನ ಹಾಸ್ಯ ಶಿಷ್ಯರಿಗೆ ಅರ್ಥವಾಯಿತೇ ಹೊರತು ತಾವೇ ನೀತಿವಂತರು ಎಂದುಕೊಂಡವರಿಗೆ ಅರ್ಥವಾಗಲಿಲ್ಲ ಎಂಬ ಧಾಟಿಯಲ್ಲಿ ಉತ್ತರಿಸಿದರು. ಬಳಿಕ ಚಿತ್ರವನ್ನು ತೆಗೆದುಹಾಕಿ, ನೋವಾಗಿದ್ದರೆ ಕ್ಷಮಿಸಿ ಎಂದು ಕೇಳಿಕೊಂಡರು.

‘ಆಗಿದ್ದರೆ’ ಎಂಬ ಆ ಒಂದು ಪದವೇ ಮುಂದಿನ ಚರ್ಚೆಯ ವಸ್ತುವಾಯಿತು. ‘ನೋವಾಗಿದ್ದರೆ’ ಎಂದಾಗ ನೋವು ಆಯಿತೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ; ತಪ್ಪು ಹೇಳಿದವರದಲ್ಲ, ಕೇಳಿಸಿಕೊಂಡವರ ಎಳೆಯ ಮನಸ್ಸಿನದು ಎಂಬ ಅರ್ಥಕ್ಕೂ ಅದು ಎಡೆಕೊಡುತ್ತದೆ. ಅದೇ ಅಕ್ಟೋಬರಿನಲ್ಲಿ ಏಷ್ಯಾ ಮೂಲದ ಕ್ರೈಸ್ತ ಮುಖಂಡರು ಅಮೆರಿಕದ ಇವಾಂಜೆಲಿಕಲ್ ಚರ್ಚುಗಳಿಗೆ ಬಹಿರಂಗ ಪತ್ರ ಬರೆದರು. ಹಿಂದಿನ ದಶಕದ ಪ್ರಕರಣಗಳನ್ನು ಒಂದೊಂದಾಗಿ ನೆನಪಿಸಿದ ಆ ಪತ್ರಕ್ಕೆ ನೂರಾರು ಜನ ಸಹಿ ಹಾಕಿದರು.

ಪತ್ರಕ್ಕೆ ಬಂದ ಉತ್ತರಗಳಲ್ಲಿ ಒಂದು, ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. 2013ರ ನವೆಂಬರಿನಲ್ಲಿ ಲೈಫ್‌ವೇ ಅಧ್ಯಕ್ಷ ಥಾಮ್ ರೇನರ್, ಒಂಬತ್ತು ವರ್ಷ ಹಿಂದಿನ ‘ರಿಕ್ಷಾ ರ‍್ಯಾಲಿ’ಯಲ್ಲಿ ಬಳಸಿದ್ದ ಪಡಿಯಚ್ಚುಗಳಿಗಾಗಿ ಕ್ಷಮೆ ಕೇಳಿದರು. 2004ರಲ್ಲಿ ಅವರು ಆ ಹುದ್ದೆಯಲ್ಲಿ ಇರಲೂ ಇಲ್ಲ. ತಾನು ಮಾಡದ ತಪ್ಪು ಎಂದು ಕೈತೊಳೆದುಕೊಳ್ಳುವ ದಾರಿ ಇದ್ದರೂ, ಅವರು ಸಂಸ್ಥೆಯ ಹೊಣೆಯನ್ನು ತಮ್ಮ ತಲೆಯ ಮೇಲೆ ಹೊತ್ತುಕೊಂಡರು. ಆ ಬೇಸಿಗೆ ಶಾಲೆಯಲ್ಲಿ ಕುಳಿತಿದ್ದ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು ನಿಜ. ಆದರೂ ‘ಆಗಿದ್ದರೆ’ ಎಂಬ ಷರತ್ತಿಲ್ಲದ ಆ ಮಾತನ್ನು ಸಹಿ ಹಾಕಿದವರು ಸ್ವಾಗತಿಸಿದರು.

ಏಳು ಜನರ ಹೆಸರು

ಇಂಥ ದೂರು ಕ್ರೈಸ್ತ ಸಭೆಗೆ ಹೊಸದೇನಲ್ಲ. ಅದರ ವಯಸ್ಸು ಸಭೆಯ ವಯಸ್ಸಿನಷ್ಟೇ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಮೊದಲ ಸಭೆಯ ಜಗಳವೊಂದು ಬರುತ್ತದೆ. ಸಭೆಯವರೆಲ್ಲ ಯೆಹೂದ್ಯರೇ; ಆದರೆ ಕೆಲವರು ಸ್ಥಳೀಯ ಭಾಷೆಯವರು, ಕೆಲವರು ಹೊರನಾಡಿನ ಗ್ರೀಕ್ ಭಾಷೆಯವರು. ದಿನನಿತ್ಯದ ಅನ್ನದಾನದಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಭಾಷೆಯವರು ಗೊಣಗಿದರು. ಅಪೊಸ್ತಲರು ಅದು ಬೇಕೆಂದು ಮಾಡಿದ್ದಲ್ಲ ಎಂದು ಸಮರ್ಥಿಸಿಕೊಳ್ಳಲಿಲ್ಲ. ಗೊಣಗುವುದು ಪಾಪ ಎಂದು ಬಾಯಿ ಮುಚ್ಚಿಸಲೂ ಇಲ್ಲ. ಸಭೆಯನ್ನು ಕೂಡಿಸಿ, ಏಳು ಜನರನ್ನು ಆರಿಸಿ ಆ ಕೆಲಸವನ್ನೇ ಅವರಿಗೆ ಒಪ್ಪಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ ಎಂಬ ಏಳೂ ಹೆಸರುಗಳು ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕೈಗೇ ಸೌಟು ಬಂದಿತ್ತು ಎಂದು ಅನೇಕ ವ್ಯಾಖ್ಯಾನಕಾರರು ಇದನ್ನು ಅರ್ಥೈಸುತ್ತಾರೆ.

ಅಮೆರಿಕದ ವಾದದಲ್ಲಿ ಕೊನೆಗೂ ನಿಂತ ಪ್ರಶ್ನೆ ಇದೇ. ಪಠ್ಯ, ಪುಸ್ತಕಗಳು ತಯಾರಾಗುವ ಕೋಣೆಯಲ್ಲಿ ಏಷ್ಯಾ ಮೂಲದವರ ಮಾತು ನಡೆಯುವಂತಿದ್ದರೆ, ಅಚ್ಚಾದ ಮೇಲೆ ಹಿಂತೆಗೆಯುವ ಪ್ರಮೇಯ ಬರುತ್ತಿತ್ತೇ? ಕ್ಷಮೆ ಹಳೆಯ ಗಾಯಕ್ಕೆ ಮದ್ದಾಗಬಹುದು. ಮುಂದಿನ ಗಾಯವನ್ನು ತಡೆಯುವುದು ಪಂಕ್ತಿಯಲ್ಲಿ ಕೊಟ್ಟ ಜಾಗ.

ನೊಂದವರಿಗೂ ಇದರಲ್ಲಿ ಒಂದು ಹೊಣೆ ಇದೆ ಎಂಬುದನ್ನು ಅವರು ಮರೆಯಲಿಲ್ಲ. ಕೋವಿಡ್ ಕಾಲದಲ್ಲಿ ಏಷ್ಯಾ ಮೂಲದವರ ಮೇಲೆ ಬೀದಿಬೀದಿಗಳಲ್ಲಿ ನಿಂದನೆ, ಹಲ್ಲೆ ಹೆಚ್ಚಿದಾಗ, 2020ರಲ್ಲಿ, ಅಲ್ಲಿನ ಕ್ರೈಸ್ತರು ಒಂದು ಒಕ್ಕೂಟ ಕಟ್ಟಿಕೊಂಡರು. ಅದೇ ಜೂನ್‌ನಲ್ಲಿ ಅವರು ಷಿಕಾಗೊ ನಗರದಲ್ಲಿ ಮೆರವಣಿಗೆ ಹೊರಟದ್ದು ತಮ್ಮ ನೋವಿನ ಬಗ್ಗೆ ಅಲ್ಲ. ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ನಂತರ ಕಪ್ಪು ವರ್ಣೀಯರ ಪರವಾಗಿ. ಆ ಸಮುದಾಯದ ಬಗ್ಗೆ ತಮ್ಮ ಮನೆಗಳಲ್ಲೂ ಪೂರ್ವಗ್ರಹಗಳಿವೆ ಎಂದು ಒಪ್ಪಿಕೊಂಡೇ, ಚೈನಾಟೌನಿನ ಚೀನಿ ಚರ್ಚಿನಿಂದ ಹೊರಟು ಕಪ್ಪು ವರ್ಣೀಯರ ಬ್ಯಾಪ್ಟಿಸ್ಟ್ ಚರ್ಚಿನವರೆಗೆ ಅವರು ನಡೆದರು.