ಪಾಸ್‌ಪೋರ್ಟಿನ ಪುಟ ಖಾಲಿ, ವೀಸಾ ಖಾತೆಯಲ್ಲಿ: ಬೀಗದ ಕೈ ಯಾರ ಬಳಿ?

ಹುಣಸೂರು: ಮಗನೋ ಮಗಳೋ ಉನ್ನತ ವ್ಯಾಸಂಗಕ್ಕೆಂದು ವಿದೇಶಕ್ಕೆ ಹೊರಟಾಗ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾವನ್ನು ಮನೆಮಂದಿಯೆಲ್ಲ ಕೈಯಲ್ಲಿ ಹಿಡಿದು ನೋಡುವುದು ಇತ್ತೀಚಿನವರೆಗೂ ಇದ್ದ ರೂಢಿ. ಬ್ರಿಟನ್ನಿಗೆ ಹೊರಡುವ ವಿದ್ಯಾರ್ಥಿಯ ಪಾಸ್‌ಪೋರ್ಟಿನಲ್ಲಿ ಈಗ ಆ ಪುಟ ಖಾಲಿ ಇರುತ್ತದೆ. ವೀಸಾ ಮಂಜೂರಾಗಿರುತ್ತದೆ, ಆದರೆ ಅದು ಇರುವುದು ಅಂತರ್ಜಾಲದ ಖಾತೆಯೊಂದರಲ್ಲಿ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ಕುಟುಂಬಗಳಿಗೆ ಈ ಬದಲಾವಣೆಯನ್ನು ಸರಿಯಾಗಿ ಅರಿಯುವುದು ಅಗತ್ಯ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ಮುಖ್ಯ ಪ್ರವೇಶಾವಧಿ ಸೆಪ್ಟೆಂಬರ್. ತಂಬಾಕು ಹರಾಜು ಆರಂಭವಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಬೆಳೆಯ ಹಣ ಕೈಸೇರುವ ಮೊದಲೇ ಶುಲ್ಕ ಕಟ್ಟಬೇಕಾಗುವುದರಿಂದ ಬ್ಯಾಂಕ್ ಸಾಲ, ಒಡವೆಯ ಅಡಮಾನ ಅನಿವಾರ್ಯವಾಗುತ್ತದೆ. ಇಷ್ಟು ಕಷ್ಟಪಟ್ಟು ಪಡೆದ ವೀಸಾದ ಪುರಾವೆ ಒಂದು ಇ-ಮೇಲ್ ವಿಳಾಸ ಮತ್ತು ಒಂದು ಮೊಬೈಲ್ ಸಂಖ್ಯೆಯ ಮೇಲೆ ನಿಂತಿದೆ.

ಬದಲಾಗಿದ್ದೇನು?

ಹಿಂದಿನ ಪದ್ಧತಿಯಲ್ಲಿ ಪಾಸ್‌ಪೋರ್ಟಿಗೆ ಅಲ್ಪಾವಧಿಯ ವೀಸಾ ಚೀಟಿ ಅಂಟಿಸಲಾಗುತ್ತಿತ್ತು. ಅದನ್ನು ತೋರಿಸಿ ಬ್ರಿಟನ್ ಪ್ರವೇಶಿಸಿದ ವಿದ್ಯಾರ್ಥಿ, ಅಂಚೆ ಕಚೇರಿಯಲ್ಲಿ ಇಲ್ಲವೇ ವಿಶ್ವವಿದ್ಯಾಲಯದಲ್ಲಿ ಬಿಆರ್‌ಪಿ ಎಂಬ ಪ್ಲಾಸ್ಟಿಕ್ ಕಾರ್ಡ್ ಪಡೆಯಬೇಕಿತ್ತು. ಬೆರಳಚ್ಚು ಮತ್ತು ಭಾವಚಿತ್ರದ ವಿವರ ಹೊಂದಿದ್ದ ಈ ಕಾರ್ಡನ್ನು 2008ರಲ್ಲಿ ಜಾರಿಗೆ ತರಲಾಗಿತ್ತು. ವಾಸ, ಉದ್ಯೋಗ, ಮರುಪ್ರವೇಶ ಎಲ್ಲಕ್ಕೂ ಅದೇ ಆಧಾರ.

2024ರ ಅಕ್ಟೋಬರ್ 31ರಿಂದ ಹೊಸ ಕಾರ್ಡ್ ವಿತರಣೆ ನಿಂತಿತು. ವೀಸಾ ಅವಧಿ ಇನ್ನೂ ಬಾಕಿಯಿದ್ದವರ ಕಾರ್ಡುಗಳ ಮೇಲೂ ಸಾಮಾನ್ಯವಾಗಿ 2024ರ ಡಿಸೆಂಬರ್ 31 ಎಂಬ ಕೊನೆಯ ದಿನಾಂಕವೇ ಮುದ್ರಿತವಾಗಿತ್ತು. 2025ರ ಜುಲೈ 15ರಿಂದ, ಆರು ತಿಂಗಳಿಗೂ ಹೆಚ್ಚಿನ ಅವಧಿಗೆ ವಿದ್ಯಾರ್ಥಿ ಅಥವಾ ಉದ್ಯೋಗ ವೀಸಾ ಪಡೆಯುವ ಮುಖ್ಯ ಅರ್ಜಿದಾರರಿಗೆ ಚೀಟಿ ಅಂಟಿಸುವುದನ್ನೂ ಬಹುಪಾಲು ಕೈಬಿಡಲಾಯಿತು. ಅವಲಂಬಿತರನ್ನು ಆ ಹಂತದಲ್ಲಿ ಸೇರಿಸಿರಲಿಲ್ಲ.

ಬ್ರಿಟನ್ ಈ ಹಾದಿ ಹಿಡಿದ ಮೊದಲ ದೇಶವೇನೂ ಅಲ್ಲ. ಆಸ್ಟ್ರೇಲಿಯಾ 2015ರಲ್ಲೇ ವೀಸಾ ಚೀಟಿ ನೀಡುವುದನ್ನು ನಿಲ್ಲಿಸಿತ್ತು.

ಪಹಣಿಯ ಉದಾಹರಣೆ

ರೈತ ಕುಟುಂಬಗಳಿಗೆ ಇದನ್ನು ಪಹಣಿಯ ಉದಾಹರಣೆಯಿಂದ ವಿವರಿಸಬಹುದು. 2000ದ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ಬಂದಾಗ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಯ ಕಾಲ ಮುಗಿಯಿತು. ಕಂಪ್ಯೂಟರ್‌ನಲ್ಲಿರುವ ದಾಖಲೆಯೇ ಮೂಲ, ಕೈಯಲ್ಲಿರುವ ಹಾಳೆ ಅದರ ಪ್ರತಿ ಎಂಬ ಸ್ಥಿತಿ ಬಂತು. ಇ-ವೀಸಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ಮುದ್ರಿಸಿಕೊಂಡ ಪ್ರತಿಗೆ ಅಥವಾ ಮೊಬೈಲ್ ಪರದೆಯ ಚಿತ್ರಕ್ಕೆ ಪುರಾವೆಯ ಬೆಲೆ ಇಲ್ಲ.

ಪುರಾವೆ ಬೇಕಾದಾಗ ವಿದ್ಯಾರ್ಥಿ ತನ್ನ ಖಾತೆ ತೆರೆದು ‘ಶೇರ್ ಕೋಡ್’ ಎಂಬ ಸಂಕೇತ ಪಡೆಯಬೇಕು. ಉದ್ಯೋಗದಾತರಿಗೆ ನೀಡುವ ಸಂಕೇತ ‘ಡಬ್ಲ್ಯು’ ಅಕ್ಷರದಿಂದ, ಇಂಗ್ಲೆಂಡಿನ ಮನೆ ಮಾಲೀಕರಿಗೆ ನೀಡುವುದು ‘ಆರ್’ ಅಕ್ಷರದಿಂದ, ಇತರ ಉದ್ದೇಶಗಳಿಗೆ ನೀಡುವುದು ‘ಎಸ್’ ಅಕ್ಷರದಿಂದ ಆರಂಭವಾಗುತ್ತದೆ. ಪಡೆದವರು ಅದನ್ನು ವಿದ್ಯಾರ್ಥಿಯ ಜನ್ಮ ದಿನಾಂಕದೊಂದಿಗೆ ಸರ್ಕಾರಿ ತಾಣದಲ್ಲಿ ನಮೂದಿಸಿದರೆ ಅಗತ್ಯವಿರುವ ವಿವರ ಕಾಣುತ್ತದೆ. ಒಂದು ಸಂಕೇತಕ್ಕೆ 90 ದಿನಗಳ ಮಾನ್ಯತೆ ಇದ್ದು, ಎಷ್ಟು ಬಾರಿ ಬೇಕಾದರೂ ಹೊಸದನ್ನು ಪಡೆಯಬಹುದು. ಸಾಲ ನೀಡಿದ ಬ್ಯಾಂಕ್ ‘ವೀಸಾ ಪ್ರತಿ’ ಕೇಳಿದಲ್ಲಿ ವೀಸಾ ಮಂಜೂರಾತಿ ಪತ್ರದೊಡನೆ ‘ಎಸ್’ ಸಂಕೇತವನ್ನು ನೀಡಬಹುದು.

ಇದರ ಅನುಕೂಲವೂ ಕಡಿಮೆಯಲ್ಲ. ಕಾರ್ಡ್ ಕಳೆದುಹೋಗುವ, ಬದಲಿಗಾಗಿ ಹಣ ತೆತ್ತು ವಾರಗಟ್ಟಲೆ ಕಾಯುವ ಪ್ರಮೇಯವಿಲ್ಲ. ಆದರೆ ಬೆರಳಚ್ಚು ನೀಡಲು ಬೆಂಗಳೂರಿನಂಥ ನಗರದ ವೀಸಾ ಅರ್ಜಿ ಕೇಂದ್ರಕ್ಕೆ ಹೋಗುವುದು ಭಾರತದ ಅರ್ಜಿದಾರರಿಗೆ ತಪ್ಪಿಲ್ಲ.

ತೊಡಕು ಎಲ್ಲಿ?

ಮೊದಲ ತೊಡಕು ಖಾತೆಯ ಒಡೆತನದ್ದು. ಸಣ್ಣ ಊರುಗಳಲ್ಲಿ ಅರ್ಜಿ ತುಂಬುವ ಹೊಣೆಯನ್ನು ಏಜೆಂಟರಿಗೋ ಸೈಬರ್ ಸೆಂಟರಿಗೋ ವಹಿಸುವುದು ಸಾಮಾನ್ಯ. ಅಲ್ಲಿ ಕುಳಿತವರು ತಮ್ಮದೇ ಇ-ಮೇಲ್, ತಮ್ಮದೇ ಮೊಬೈಲ್ ಸಂಖ್ಯೆ ನಮೂದಿಸಿದರೆ ಖಾತೆ ತೆರೆಯುವಾಗ ಬರುವ ಭದ್ರತಾ ಸಂಖ್ಯೆ ಅವರ ಕೈ ಸೇರುತ್ತದೆ. ಲಂಡನ್ನಿನಲ್ಲಿರುವ ವಿದ್ಯಾರ್ಥಿ ಕೆಲಸಕ್ಕೆ ಸೇರಲು ಹುಣಸೂರಿನ ಅಂಗಡಿಗೆ ಕರೆ ಮಾಡಿ ಕಾಯಬೇಕಾಗುತ್ತದೆ. ಅಪ್ಪನ ಹಳೆಯ ಸಿಮ್ ನೀಡಿದರೂ ಅಪಾಯವೇ. ಬಹುಕಾಲ ರೀಚಾರ್ಜ್ ಮಾಡದಿದ್ದರೆ ಸಂಖ್ಯೆ ಸ್ಥಗಿತಗೊಂಡು ಮುಂದೆ ಬೇರೊಬ್ಬರ ಪಾಲಾಗಬಹುದು. ಖಾತೆಯನ್ನು ಮರಳಿ ಪಡೆಯುವ ವ್ಯವಸ್ಥೆ ಇದೆಯಾದರೂ ವಿಮಾನ ಹೊರಡುವ ದಿನ ಅದನ್ನು ನಂಬಿ ಕೂರುವಂತಿಲ್ಲ.

ಎರಡನೆಯದು ಪಾಸ್‌ಪೋರ್ಟ್ ಸಂಖ್ಯೆ. ಇ-ವೀಸಾ ನಿರ್ದಿಷ್ಟ ಪಾಸ್‌ಪೋರ್ಟಿಗೆ ಜೋಡಣೆಯಾಗಿರುತ್ತದೆ. ವ್ಯಾಸಂಗದ ನಡುವೆ ಪಾಸ್‌ಪೋರ್ಟ್ ನವೀಕರಿಸಿದರೆ ಸಂಖ್ಯೆ ಬದಲಾಗುತ್ತದೆ. ಅದನ್ನು ಖಾತೆಯಲ್ಲಿ ತಿದ್ದದೆ ದಸರಾಕ್ಕೋ ಯುಗಾದಿಗೋ ಊರಿಗೆ ಬಂದವರನ್ನು, ಮರಳುವಾಗ ವಿಮಾನಯಾನ ಸಂಸ್ಥೆಯ ಸಿಬ್ಬಂದಿ ಬೆಂಗಳೂರಿನ ನಿಲ್ದಾಣದಲ್ಲೇ ತಡೆಯುವ ಸಾಧ್ಯತೆ ಇದೆ. ಸಂಸ್ಥೆಗಳು ಪ್ರಯಾಣಿಕರ ಅನುಮತಿಯನ್ನು ಪಾಸ್‌ಪೋರ್ಟ್ ಸಂಖ್ಯೆಯ ಆಧಾರದ ಮೇಲೆ ಗಣಕದಲ್ಲಿ ಪರಿಶೀಲಿಸುವುದೇ ಇದಕ್ಕೆ ಕಾರಣ.

ಮೂರನೆಯದು ಹೆಸರು. ಊರಿನ ಹಾಗೂ ತಂದೆಯ ಹೆಸರಿನ ಮೊದಲಕ್ಷರಗಳನ್ನು ಇನಿಷಿಯಲ್ ಆಗಿ ಬಳಸುವುದು ಹಳೇ ಮೈಸೂರು ಭಾಗದ ಪದ್ಧತಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದರ ಪೂರ್ಣರೂಪ ಇರುವುದುಂಟು. ಇ-ವೀಸಾದಲ್ಲಿ ಹೆಸರು, ಜನ್ಮ ದಿನಾಂಕ, ವೀಸಾ ಅವಧಿ ಸರಿಯಾಗಿವೆಯೇ ಎಂದು ಪ್ರಯಾಣಕ್ಕೆ ಮೊದಲೇ ನೋಡಿ, ತಪ್ಪಿದ್ದರೆ ಖಾತೆಯ ಮೂಲಕ ವರದಿ ಮಾಡಬೇಕು.

ಇಲ್ಲಿಗೆ ಬರುವವರಿಗೂ

ಇದೇ ಬದಲಾವಣೆ ಭಾರತಕ್ಕೆ ಬರುವ ವಿದ್ಯಾರ್ಥಿಗಳ ವಿಷಯದಲ್ಲೂ ನಡೆದಿದೆ. ವಿದೇಶಿಯರ ನೋಂದಣಿ, ವೀಸಾ ವಿಸ್ತರಣೆಗಾಗಿ ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಇ-ಎಫ್‌ಆರ್‌ಆರ್‌ಒ ಎಂಬ ಆನ್‌ಲೈನ್ ವ್ಯವಸ್ಥೆ ಆರಂಭಿಸಿತು. 2025ರ ಜನವರಿಯಲ್ಲಿ ಇ-ವಿದ್ಯಾರ್ಥಿ ವೀಸಾ ಬಂತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಿಗೂ ಈಗ ಪರದೆಯೇ ಮೊದಲ ಕೌಂಟರ್. ಆದರೆ ಭಾರತದ ಇ-ವೀಸಾದಲ್ಲಿ ಮಂಜೂರಾತಿಯ ಮುದ್ರಿತ ಪ್ರತಿಯನ್ನು ಜೊತೆಗೆ ತರಬೇಕು, ಪಾಸ್‌ಪೋರ್ಟಿಗೆ ಮೊಹರು ಬೀಳುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಟಿಬೆಟಿಯನ್ ಶಿಬಿರದ ಸ್ಥಿತಿ ಬೇರೆ. ಅಲ್ಲಿ ತಂಗಲು ವಿದೇಶಿಯರಿಗೆ ವೀಸಾ ಒಂದೇ ಸಾಲದು, ಕೇಂದ್ರ ಗೃಹ ಸಚಿವಾಲಯದ ಸಂರಕ್ಷಿತ ಪ್ರದೇಶ ಅನುಮತಿಯೂ ಬೇಕು. ಬೈಲಕುಪ್ಪೆಯಿಂದಲೋ ಹುಣಸೂರು ತಾಲ್ಲೂಕಿನ ಗುರುಪುರ ಶಿಬಿರದಿಂದಲೋ ಹೊರದೇಶಕ್ಕೆ ಹೋಗುವ ಟಿಬೆಟಿಯನ್ ಯುವಕರು ಭಾರತದ ಪಾಸ್‌ಪೋರ್ಟ್ ಇಲ್ಲದಿದ್ದಲ್ಲಿ ‘ಗುರುತಿನ ಪ್ರಮಾಣಪತ್ರ’ ಎಂಬ ಹಳದಿ ಪುಸ್ತಿಕೆಯ ಮೇಲೆ ಪ್ರಯಾಣಿಸುತ್ತಾರೆ. ಅಂಥವರು ಇ-ವೀಸಾ ಖಾತೆಗೆ ಆ ಪುಸ್ತಿಕೆಯ ಸಂಖ್ಯೆಯೇ ಜೋಡಣೆಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಹೊರಡುವ ಮುನ್ನ

ಅರ್ಜಿಯನ್ನು ಯಾರೇ ತುಂಬಲಿ, ಇ-ಮೇಲ್ ವಿಳಾಸ ವಿದ್ಯಾರ್ಥಿಯದೇ ಆಗಿರಲಿ, ಅದರ ಪಾಸ್‌ವರ್ಡ್ ವಿದ್ಯಾರ್ಥಿಗೆ ಮಾತ್ರ ತಿಳಿದಿರಲಿ. ಬ್ರಿಟನ್ ತಲುಪಿ ಅಲ್ಲಿನ ಸಿಮ್ ಪಡೆದ ಕೂಡಲೇ ಖಾತೆಯಲ್ಲಿ ಸಂಖ್ಯೆ ಬದಲಿಸಬೇಕು. ಅಲ್ಲಿಯವರೆಗೆ ಊರಿನ ಸಿಮ್ ಚಾಲ್ತಿಯಲ್ಲಿರಬೇಕು. ಖಾತೆ ತೆರೆಯಲು ಬ್ರಿಟನ್ ಸರ್ಕಾರ ಶುಲ್ಕ ವಿಧಿಸುವುದಿಲ್ಲ. ‘ಇ-ವೀಸಾ ಸಕ್ರಿಯಗೊಳಿಸಲು’ ಹಣ ಕೇಳುವ ಕರೆ ಬಂದರೆ ಅದು ವಂಚನೆಯೆಂದೇ ತಿಳಿಯಬೇಕು.

ಮನೆಯಿಂದ ಹೊರಡುವ ಹಿಂದಿನ ದಿನ ವಿದ್ಯಾರ್ಥಿ ಯಾರ ನೆರವೂ ಇಲ್ಲದೆ ತನ್ನ ಮೊಬೈಲ್‌ನಲ್ಲಿ ಖಾತೆ ತೆರೆದು, ವೀಸಾವನ್ನು ಹೆತ್ತವರಿಗೆ ತೋರಿಸಲಿ. ಅಷ್ಟಾದರೆ ಪಾಸ್‌ಪೋರ್ಟಿನ ಪುಟ ಖಾಲಿ ಇದೆಯೆಂದು ಯಾರೂ ಆತಂಕಪಡಬೇಕಿಲ್ಲ.